ಕಥೆ ಕೆಡಿಸಿದವರನ್ನು ಬೈಯಲು ಒಬ್ಬ ಮಾಸ್ತರು

ನಮ್ಮ ಮಾದರಿ ತಿರಸ್ಕೃತವಾಗಿದೆ ಎಂಬ ಮೇಲ್ ಬಂದದ್ದು ಸೋಮವಾರ ಬೆಳಿಗ್ಗೆ. ನನ್ನ ನೆನಪಿನಲ್ಲಿ ಅದನ್ನು ನಾನು ನಿಟ್ಟುವಳ್ಳಿಯ ಸ್ಟುಡಿಯೋದಲ್ಲಿ ನಿಂತು ಓದುತ್ತಿದ್ದೇನೆ, ಕೆಳಗೆ ಹಿಟ್ಟಿನ ಗಿರಣಿ ಓಡುತ್ತಿದೆ. ಡೈರಿಯ ಪ್ರಕಾರ ಓದಿದ್ದು ಮನೆಯಲ್ಲಿ, ಚಪಾತಿಗೆ ಕಲಸುತ್ತ. ಮೊಬೈಲಿನ ಗಾಜಿಗೆ ಹಿಟ್ಟು ಮೆತ್ತಿಕೊಂಡಿತಂತೆ. ಎರಡರಲ್ಲೂ ಹಿಟ್ಟಿದೆ ಎಂಬುದಷ್ಟೇ ಸಮಾಧಾನ. ಮುಂದೆ ಡೈರಿಗೂ ನೆನಪಿಗೂ ಜಗಳ ಬಿದ್ದಲ್ಲೆಲ್ಲ ಡೈರಿಯ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಡೈರಿ ಸುಮ್ಮನಿರುವ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಕೆಲಸ ಇದು. ಜಪಾನಿನ ಒಂದು ಅನಿಮೆ ಸರಣಿ, ಹದಿಮೂರು ಕಂತು, ಕನ್ನಡಕ್ಕೆ ಡಬ್ ಆಗಬೇಕು. ರಾಜಕುಮಾರಿ, ರಾಕ್ಷಸ, ಏಳು ಸಮುದ್ರದಾಚೆಯ ಕೋಟೆ ಇರುವ ಅಜ್ಜಿಕಥೆಗಳನ್ನು ತಲೆಕೆಳಗು ಮಾಡಿ ನಗಿಸುವ ಸರಣಿ. ಸೆರೆಯಲ್ಲಿರುವ ರಾಜಕುಮಾರಿಗೆ ಬಿಡುಗಡೆಯೇ ಬೇಡ, ಏಕೆಂದರೆ ರಾಕ್ಷಸ ಅಡುಗೆ ಚೆನ್ನಾಗಿ ಮಾಡುತ್ತಾನೆ. ಬಿಡಿಸಬೇಕಾದ ರಾಜಕುಮಾರನಿಗೆ ದಾರಿ ಗೊತ್ತಿಲ್ಲ. ಇವರೆಲ್ಲರ ಮೇಲೆ ಒಬ್ಬ ನಿರೂಪಕ. ಅವನ ಮುಖ ಕಾಣುವುದೇ ಇಲ್ಲ, ದನಿ ಮಾತ್ರ. ಪಾತ್ರಗಳನ್ನು ಹಂಗಿಸುತ್ತಾನೆ, ನೋಡುತ್ತಿರುವ ನಮ್ಮನ್ನು ಮಾತಿಗೆಳೆಯುತ್ತಾನೆ, ಚಿತ್ರ ಬರೆದವರನ್ನೂ ಬಿಡುವುದಿಲ್ಲ. ಪಾತ್ರಗಳು ಕೆಲವೊಮ್ಮೆ ಪರದೆಯಿಂದ ತಿರುಗಿ ಅವನಿಗೆ ಉತ್ತರ ಕೊಡುತ್ತವೆ. ಇಡೀ ಸರಣಿ ಅವನ ನಾಲಿಗೆಯ ಮೇಲೆ ನಿಂತಿದೆ.

ಮುಂಬೈಯ ಕಂಪನಿಯೊಂದು ಈ ಕೆಲಸವನ್ನು ಬೆಂಗಳೂರಿನಲ್ಲಿ ಮಾಡಿಸಬೇಕೆಂದಿತ್ತು. ದಾವಣಗೆರೆಯಲ್ಲೇ ಆಗುತ್ತದೆ, ಇಲ್ಲಿನ ದನಿಗಳಲ್ಲೇ ಆಗುತ್ತದೆ ಎಂದು ಪತ್ರ ಬರೆದು ಒಪ್ಪಿಸಿದವಳು ನಾನು. ಸಂಭಾಷಣೆ ನನ್ನದು. ಧ್ವನಿಮುದ್ರಣ, ಗಿರಣಿಯ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆ ಹಿಡಿದು, ಮದುವೆ ಮತ್ತು ನಾಟಕಗಳಿಗೆ ಮೈಕ್ ಹಾಕುವ ಕಸುಬಿನಿಂದ ಮೇಲೆ ಬಂದ ಸ್ಟುಡಿಯೋ ಯಜಮಾನರದು. ಮೊದಲ ಎರಡು ಕಂತುಗಳನ್ನು ಮಾದರಿಯಾಗಿ ಕಳಿಸಿದ್ದೆವು. ಮೇಲ್ ಹೇಳಿದ್ದು: ಪಾತ್ರಗಳ ದನಿ ಪರವಾಗಿಲ್ಲ, ನಿರೂಪಕನ ಮಾತಿನಲ್ಲಿ ತಮಾಷೆ ಇದೆ ಎಂದು ತಿಳಿಯುತ್ತದೆ, ನಗು ಬರುವುದಿಲ್ಲ. ಮುಂದಿನ ವಾರದ ಗುರುವಾರದೊಳಗೆ ಇನ್ನೊಂದು ಮಾದರಿ ಕಳಿಸಿ. ಅದೂ ಹೀಗೇ ಇದ್ದರೆ ಕನ್ನಡದ ಆವೃತ್ತಿಯನ್ನೇ ಕೈಬಿಡುತ್ತೇವೆ.

ಬೆಂಗಳೂರಿಗೆ ಕೊಡುತ್ತೇವೆ ಎಂದಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ. ಕನ್ನಡವನ್ನೇ ಕೈಬಿಡುತ್ತಾರಂತೆ, ಅದೂ ನನ್ನ ಹಟದ ದೆಸೆಯಿಂದ.

ಯಜಮಾನರು ಮೇಲ್ ಓದಿಸಿಕೊಂಡು ತಲೆ ಕೆರೆದುಕೊಂಡರು. ಮೊದಲ ಮಾದರಿಗೆ ನಿರೂಪಕನಾಗಿ ದನಿ ಕೊಟ್ಟಿದ್ದವರು ಊರಿನ ಸಭೆ ಸಮಾರಂಭಗಳನ್ನು ನಡೆಸಿಕೊಡುವ ಒಬ್ಬ ಹೈಸ್ಕೂಲು ಮೇಷ್ಟ್ರು.

“ಅವ್ರ ದನಿ ಚಲೋ ಐತೆ ಮೇಡಂ,” ಎಂದರು. “ಅದೇ ತೊಂದ್ರೆ. ‘ಎಲೈ ಮೂರ್ಖ’ ಅಂದ್ರೂ ಸನ್ಮಾನಪತ್ರ ಓದ್ದಂಗೆ ಕೇಳ್ತೈತೆ. ಹಾರ ಎಲ್ಲಿ, ಶಾಲು ಎಲ್ಲಿ ಅನ್ಸುತ್ತೆ.”

ನಾನು ನಗಲಿಲ್ಲ. ಆ ‘ಎಲೈ ಮೂರ್ಖ’ ಬರೆದವಳು ನಾನೇ. ಮೇಷ್ಟ್ರು ಓದುವುದಕ್ಕೆ ಮೊದಲೇ ಅದು ಕಾಗದದ ಮೇಲೆ ಶಾಲು ಹೊದ್ದು ಕೂತಿತ್ತು.

ಮುಂದಿನ ಮಾತು ಯಾರದೆಂಬುದರಲ್ಲಿ ನನ್ನ ನೆನಪು ನನಗೆ ಮೋಸ ಮಾಡುತ್ತದೆ. ನಾಟಕದ ಮಾಸ್ತರರನ್ನು ಕರೆತರುವ ವಿಚಾರ ನನಗೇ ಹೊಳೆಯಿತೆಂದು ನಾನು ಎರಡು ಮೂರು ಕಡೆ ಹೇಳಿಕೊಂಡದ್ದುಂಟು. ಡೈರಿಯಲ್ಲಿ ಸ್ಪಷ್ಟವಾಗಿದೆ: “ಯಜಮಾನರು ಶಾಮನೂರಿನ ನಾಟಕದ ಸುದ್ದಿ ಹೇಳಿದರು. ನಾನು ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೆ.”

ಅವರು ಹೇಳಿದ್ದು ಇದು. ಒಮ್ಮೆ ಶಾಮನೂರಿನಲ್ಲಿ ಊರವರೇ ಆಡಿದ ನಾಟಕಕ್ಕೆ ಅವರು ಮೈಕ್ ಹಾಕಿದ್ದರಂತೆ. ಇಂಥ ನಾಟಕಗಳಿಗೆ ಎರಡು ತಿಂಗಳು ತಾಲೀಮು ಕೊಟ್ಟ ಮಾಸ್ತರು ಆಟದ ದಿನ ರಂಗದ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು, ಅದರ ಮೇಲೆ ಪುಸ್ತಕ ಬಿಚ್ಚಿ, ಮಾತು ಮರೆತವರಿಗೆ ಮಾತು ಎತ್ತಿಕೊಡುತ್ತಾರಲ್ಲ. ಅಂದು ಹಾರ್ಮೋನಿಯಂ ಮುಂದಿನ ಮೈಕು ತೆರೆದೇ ಇತ್ತು. ರಾಜನ ಪಾತ್ರದವನು ಒಳಗೆ ಬಂದು ಮಾತು ಮರೆತು ನಿಂತ. ಮಾಸ್ತರು ಎರಡು ಸಲ ಎತ್ತಿಕೊಟ್ಟರು. ಮೂರನೆಯ ಸಲ, “ರಾಜ ಆಗಿ ಬಂದೀಯೋ, ಕಿರಾಣಿ ಅಂಗ್ಡಿಗೆ ಬಂದೀಯೋ? ಮನ್ಯಾಗೆ ಚೀಟಿ ಬರ್ಸ್ಕಂಡ್ ಬರ್ಬೇಕಿಲ್ಲೋ,” ಎಂದರು. ಇಡೀ ಬಯಲು ಕೇಳಿತು.

“ನಾನು ಮೈಕ್ ಬಂದ್ ಮಾಡಾಕೆ ಓಡಿದೆ ಮೇಡಂ. ಊರ ಹಿರೇರು ಕೈ ಹಿಡ್ದು, ‘ಸಾಬ್ರೇ, ಬ್ಯಾಡ, ಅದೊಂದು ಇರ್ಲಿ’ ಅಂದ್ರು.”

ಮಂಗಳವಾರ ಇಬ್ಬರೂ ಅವರ ಬೈಕಿನಲ್ಲಿ ಹರಿಹರಕ್ಕೆ ಹೋದೆವು. ಹೊಳೆಯ ಕಡೆ ಇಳಿಯುವ ಓಣಿಯೊಂದರಲ್ಲಿ ಮಾಸ್ತರ ಮನೆ. ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಯಾರದೋ ಹಾರ್ಮೋನಿಯಂ ಬಿಚ್ಚಿ, ಅದರ ತಿದಿಗೆ ಹೊಸ ತೊಗಲು ಅಂಟಿಸುತ್ತಿದ್ದರು. ಎಪ್ಪತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ನಾನು ವಿಷಯ ವಿವರಿಸುತ್ತಿದ್ದಷ್ಟು ಹೊತ್ತೂ ತಲೆ ಎತ್ತಲಿಲ್ಲ.

“ಬರ್ರಿ, ಕೂಡ್ರಿ ಅಂದೆ, ಕುಂತ್ರಿ. ಕತಿ ಹೇಳಿದ್ರಿ, ಕೇಳಿದೆ,” ಎಂದರು ಕೊನೆಗೆ. “ಆದ್ರೆ ಒಂದು ಹೇಳ್ರಿ. ಕತಿ ಕೆಡ್ಸೋ ಕೆಲ್ಸ ಇದು. ನಲವತ್ತು ವರ್ಷ ಕತಿ ಕೆಡದಂಗೆ ಕಾಯ್ಕಂಡ್ ಬಂದೀನಿ. ಈಗ ಕೆಡ್ಸೋರ ಪರ ಹೆಂಗೆ ಮಾತಾಡ್ಲಿ?”

“ಕೆಡಿಸೋರು ಪಾತ್ರದವರು ಮಾಸ್ತರೇ. ಈ ನಿರೂಪಕ ಕಥೆಯ ಪರ. ಕಥೆ ಹೇಗೆ ನಡೀಬೇಕು ಅಂತ ಗೊತ್ತಿರೋನು ಇವನೊಬ್ಬನೇ. ಉಳಿದವರು ಯಾರೂ ಅವನ ಮಾತು ಕೇಳಲ್ಲ.”

ಅಂಟಿನ ಕಡ್ಡಿ ಕೆಳಗಿಟ್ಟರು. “ಹಂಗಾರೆ ಅವ್ನೂ ಮಾಸ್ತರನೇ ಅನ್ರಿ.”

ಒಳಗಿನಿಂದ ಅವರ ಮನೆಯವರು ಚಹಾ ತಂದಿಡುತ್ತ, “ಬೈಯಾಕೇ ಬೇಕಾಗಿದ್ರೆ ಕರ್ಕಂಡ್ ಹೋಗ್ರಿ. ಇಲ್ಲಿ ಪುಕ್ಕಟೆ ನಡೀತೈತೆ,” ಎಂದರು.

ಮಾಸ್ತರು ಬುಧವಾರ ಬೇರೆ ಊರಿನ ತಾಲೀಮಿಗೆ ಹೋಗಬೇಕಿತ್ತು. ಗುರುವಾರ ಬಂದರು. ಕೆಳಗಿನ ಗಿರಣಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಿಲ್ಲುತ್ತದೆ. ನಮ್ಮ ಮುದ್ರಣವೆಲ್ಲ ಆ ಮೂರು ಗಂಟೆಯಲ್ಲೇ. ಗಾಜಿನ ಆಚೆ ಅವರು, ಈಚೆ ನಾವಿಬ್ಬರು. ಅವರ ಎದುರು ಒಂದು ಪರದೆ, ಒಂದು ಮೈಕು, ನನ್ನ ನಿರೂಪಣೆಯ ಹಾಳೆಗಳು. ಬುಧವಾರವಿಡೀ ಕೂತು ಆ ಹಾಳೆಗಳಿಂದ ಶಾಲುಗಳನ್ನೆಲ್ಲ ತೆಗೆದಿದ್ದೆ. ಮಾತು ಈಗ ದಾವಣಗೆರೆ ಕಡೆಯ ಆಡುಮಾತೇ ಆಗಿತ್ತು. ಚುರುಕಾಗಿದೆ ಎಂದು ನನಗೆ ಖಾತ್ರಿಯಿತ್ತು.

ಮಾಸ್ತರು ಓದಿದರು. ಒಂದೇ ಮಟ್ಟ, ಒಂದೇ ವೇಗ, ಏರಿಲ್ಲ, ಇಳಿವಿಲ್ಲ. ಬಸ್ ಹೊರಡುವ ವೇಳೆ ಹೇಳಿದ ಹಾಗೆ. ಮೊದಲ ದಿನವಾದ್ದರಿಂದ ಹೆದರಿದ್ದಾರೆ ಎಂದುಕೊಂಡೆವು. ಎರಡನೆಯ ಟೇಕ್ ಹಾಗೇ. ಐದನೆಯದೂ ಹಾಗೇ. ಅಕ್ಷರ ದೊಡ್ಡದು ಮಾಡಿಸಿದೆ, ಒತ್ತು ಕೊಡಬೇಕಾದ ಕಡೆ ಕೆಂಪು ಗೆರೆ ಎಳೆದೆ. ಒಂದು ಕಡೆ ಕಂಸದೊಳಗೆ ‘ನಿಟ್ಟುಸಿರಿಟ್ಟು’ ಎಂದು ಬರೆದಿದ್ದೆ. ಅದನ್ನೂ ಓದಿದರು.

“ಮಾಸ್ತರ್ರೇ, ಅದು ಕಂಸದಾಗಿಂದು,” ಎಂದರು ಯಜಮಾನರು ಮೈಕಿನಲ್ಲಿ.

“ಗೊತ್ತೈತಪ್ಪ. ಹಳ್ಳಿಗಳಾಗೆ ನನ್ ಪಾತ್ರದೋರು ನಲವತ್ತು ವರ್ಷ ಕಂಸ ಓದ್ಯಾರೆ, ನಾನೊಂದ್ಸಲ ಓದಿದ್ರೆ ಏನಾತು?”

ಬೇಕಾದ ದನಿ ಅದೇ. ಆ ಉತ್ತರದಲ್ಲಿ ಇದ್ದದ್ದು ಹಾಳೆ ಹಿಡಿದ ಕೂಡಲೇ ಮಾಯವಾಗುತ್ತಿತ್ತು. ಶುಕ್ರವಾರವೂ ಹಾಗೇ ಹೋಯಿತು. ನಾಲ್ಕಕ್ಕೆ ಗಿರಣಿ ಶುರುವಾದ ಮೇಲೆ ನಾನು ನೇರವಾಗಿ ಕೇಳಿದೆ: ಮಾತನಾಡುವಾಗ ಇರುವುದು ಓದುವಾಗ ಯಾಕೆ ಬರುವುದಿಲ್ಲ?

ಅವರಿಗೆ ಆಶ್ಚರ್ಯವಾಯಿತು. “ಬರ್ಬಾರ್ದಲ್ರೀ. ಮಾತು ಎತ್ತಿಕೊಡೋನು ಭಾವ ಹಾಕ್ಬಾರ್ದು. ನಾನು ಅತ್ತು ಕೊಟ್ರೆ ಅವ್ನೂ ನನ್ನಂಗೇ ಅಳ್ತಾನೆ, ನಾನು ಕೆಮ್ಮಿದ್ರೆ ಕೆಮ್ತಾನೆ. ನೀರು ಕೊಟ್ಟಂಗೆ ಕೊಡ್ಬೇಕು. ಬಣ್ಣ ಅವ್ನು ಹಾಕ್ಕಬೇಕು. ಇಷ್ಟು ದಿನ ನಾನು ಚಲೋ ಓದ್ತಿದೀನಿ ಅಂದ್ಕಂಡಿದ್ದೆ.”

ಅವರು ಚೆನ್ನಾಗಿಯೇ ಓದುತ್ತಿದ್ದರು. ಕಾಗದದ ಮೇಲಿನ ಮಾತು ಕಂಡರೆ ಭಾವ ಹಿಂಡಿ ತೆಗೆದು ಕೊಡುವುದು ನಲವತ್ತು ವರ್ಷ ಪಳಗಿಸಿಕೊಂಡ ವಿದ್ಯೆ. ಕೆಲವೇ ದಿನದಲ್ಲಿ ಅದನ್ನು ಮರೆಸುವುದು ನನ್ನಿಂದ ಆಗದು. ಉಳಿದದ್ದು ಆರು ದಿನ.

ಶನಿವಾರ ಬೆಳಿಗ್ಗೆ ಯಜಮಾನರು ಮೆತ್ತಗೆ ಕೇಳಿದರು: “ಮೇಡಂ, ಮೇಷ್ಟ್ರನ್ನೇ ಇನ್ನೊಂದ್ಸಲ ಕರ್ಸಾಣಾ? ಶಾಲು ಇಲ್ದಂಗೆ ಓದ್ಸಿದ್ರೆ?” ನಾನು ಬೇಡ ಎಂದೆ. ಕಾರಣ ಕೇಳಿದ್ದರೆ ಹೇಳಲು ಏನೂ ಇರಲಿಲ್ಲ. ದೃಢತೆಗೂ ಮೊಂಡುತನಕ್ಕೂ ಇರುವ ವ್ಯತ್ಯಾಸ ಕೆಲಸ ಮುಗಿದ ಮೇಲಷ್ಟೇ ಗೊತ್ತಾಗುತ್ತದೆ, ಕೆಲವೊಮ್ಮೆ ಆಗಲೂ ಇಲ್ಲ.

ಅಂದು ಮೂರನೆಯ ಟೇಕ್ ಆದಮೇಲೆ ಮಾಸ್ತರು ಹಾಳೆ ಮಡಿಸಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಮುದ್ರಣ ನಿಂತಿತ್ತು. ಪರದೆಯ ಮೇಲೆ ಚಿತ್ರ ಮಾತ್ರ ಓಡುತ್ತಿತ್ತು. ರಾಜಕುಮಾರ ಕುದುರೆಯಿಂದ ಇಳಿದು, ಎದುರು ಬಂದ ದಪ್ಪ ಮನುಷ್ಯನೊಬ್ಬನನ್ನು ರಾಕ್ಷಸನ ಕೋಟೆಗೆ ದಾರಿ ಯಾವುದೆಂದು ಕೇಳುತ್ತಾನೆ. ಆ ದಪ್ಪ ಮನುಷ್ಯನೇ ರಾಕ್ಷಸ, ಕೈಯಲ್ಲಿ ತರಕಾರಿ ಚೀಲ. ಮಾಸ್ತರು ಯಾರನ್ನೂ ನೋಡದೆ, ಕನ್ನಡಕ ಒರೆಸುತ್ತಲೇ ಅಂದರು:

“ಕೇಳಪ್ಪ, ಕೇಳು. ಕತ್ತಿ ಹಿರಿಯೋ ಬದ್ಲು ವಿಳಾಸ ಕೇಳು. ಊಟಕ್ಕೂ ಅವ್ರ ಮನೀಗೇ ಹೋಗು. ಒಂದು ಪುಟ ಮುಂದೆ ನಿಂದು ಅವಂದು ಯುದ್ಧ ಐತೆ, ಚೀಲ ನೀನೇ ಹಿಡ್ಕಾ.”

ಇದು ಡೈರಿಯಲ್ಲಿ ಬರೆದುಕೊಂಡದ್ದು. ಮುದ್ರಣವಾಗಿರಲಿಲ್ಲವಾದ್ದರಿಂದ ಇದಕ್ಕೆ ಬೇರೆ ಸಾಕ್ಷಿಯಿಲ್ಲ. ನಾನು ಅಂದು ಸಂಜೆಯೇ ತಿದ್ದಿ ಚಂದ ಮಾಡಿ ಬರೆದಿರಬಹುದು. ಯಜಮಾನರು ನಕ್ಕು ಕುರ್ಚಿಯಿಂದ ಎದ್ದುಬಿಟ್ಟದ್ದು ಮಾತ್ರ ನಿಜ.

ನಾನು ಒಳಗೆ ಹೋಗಿ ಕೇಳಿದೆ: “ಈಗ ಯಾಕೆ ಸಿಟ್ಟು ಬಂತು ಮಾಸ್ತರೇ?”

“ಪುಸ್ತಕದಾಗೆ ಹಂಗಿರಲ್ಲಲ್ರೀ.”

“ಯಾವ ಪುಸ್ತಕದಲ್ಲಿ?”

“ಯಾವ್ದ್ರಾಗಾದ್ರೂ. ರಾಜಕುಮಾರ ಅಂದ್ರೆ ರಾಕ್ಷಸನ್ನ ಕಂಡ್ಕೂಡ್ಲೇ ಕತ್ತಿ ಹಿರೀಬೇಕು, ಎರಡು ಮಾತು ಜೋರಾಗಿ ಹೇಳ್ಬೇಕು. ಇವ್ನು ಎತ್ತಿಕೊಡಾಕೂ ಆಗ್ದಂಗೆ ತಪ್ತಾನೆ.”

ಬೈಯಲು ಅವರಿಗೆ ಬೈಗುಳ ಬರೆದುಕೊಡಬೇಕಾಗಿರಲಿಲ್ಲ. ತಪ್ಪಿದ್ದು ಎಲ್ಲಿ ಎಂದು ತೋರಿಸುವ ಪುಸ್ತಕ ಬೇಕಿತ್ತು. ನಾನು ಮೂರು ವಾರ ಕೂತು ಬರೆದಿದ್ದ ನಿರೂಪಣೆಯನ್ನು ಪೂರ್ತಿ ತೆಗೆದಿಟ್ಟು, ರಾಜಕುಮಾರಿಯ ಕಥೆ ಹೇಗೆ ನಡೆಯಬೇಕಿತ್ತೋ ಹಾಗೆ, ನೆಟ್ಟಗೆ, ಒಂದು ನಾಟಕದ ಪುಸ್ತಕ ಬರೆದುಕೊಡಬೇಕು. ಅವರು ಪುಸ್ತಕ ನೋಡುತ್ತ ಚಿತ್ರ ನೋಡಲಿ. ಪಾತ್ರ ತಪ್ಪಿದಲ್ಲೆಲ್ಲ ಅವರ ಬಾಯಿಗೆ ಬಂದದ್ದು ಬರಲಿ.

ಇದರಲ್ಲಿ ಒಂದು ದೊಡ್ಡ ತೊಡಕಿತ್ತು. ಕಂಪನಿಯ ನಿಯಮದಂತೆ ಪ್ರತಿ ಮಾತೂ ಮೊದಲು ಕಾಗದದಲ್ಲಿ ಒಪ್ಪಿಗೆಯಾಗಬೇಕು, ಆಮೇಲೆ ಮುದ್ರಣ. ನಾವು ಮಾಡಹೊರಟದ್ದು ಇದಕ್ಕೆ ಪೂರಾ ಉಲ್ಟಾ. ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಸಮಯವಿಲ್ಲ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಓದಿದರೆ ಅದು ಕಾರಣದಂತೆ ಕಾಣುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು, ಅಷ್ಟೇ.

“ಒಪ್ಪದಿದ್ರೆ?” ಎಂದರು ಯಜಮಾನರು.

“ಈಗಲೂ ಒಪ್ಪಿಲ್ಲವಲ್ಲ.”

ಅವರು “ಅದೂ ಸರಿ ಐತೆ,” ಎಂದು ತಂತಿ ಸುತ್ತತೊಡಗಿದರು.

ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬರೆದೆ. ಉದ್ದನೆಯ ನೋಟ್‌ಬುಕ್ಕು, ಎಡಗಡೆ ಪಾತ್ರದ ಹೆಸರು, ಬಲಗಡೆ ಮಾತು. ಮಾಸ್ತರ ಕಣ್ಣಿಗೆ ಪರಿಚಯವಿರುವ ರೂಪ. ಹಂಗಿಸಿ ಬರೆಯುವುದಕ್ಕಿಂತ ಇದು ಕಷ್ಟವಾಯಿತು. ರಾಜಕುಮಾರಿ ಕಿಟಕಿಯಲ್ಲಿ ನಿಂತು ದಾರಿ ಕಾಯುತ್ತಾಳೆ ಎಂದು ಬರೆಯುವಾಗ, ಓದಿದವಳು ನಾನು, ಇದನ್ನೆಲ್ಲ ನಂಬುತ್ತೇನೆಯೇ ಎಂದು ಕೈ ತಡೆಯುತ್ತಿತ್ತು. ಎರಡು ಕಡೆ ನನಗೇ ಗೊತ್ತಿಲ್ಲದೆ ವ್ಯಂಗ್ಯ ನುಸುಳಿತ್ತು, ಹೊಡೆದು ಹಾಕಿದೆ. ಪುಸ್ತಕವೇ ನಕ್ಕರೆ ಮಾಸ್ತರು ಯಾರ ಪರ ನಿಲ್ಲಬೇಕು?

ಸೋಮವಾರ ಒಂದು ಗಂಟೆಗೆ ಶುರುಮಾಡಿದೆವು. ಪಾತ್ರಗಳ ಮಾತು ಆಗಲೇ ಮುದ್ರಣವಾಗಿತ್ತು, ಅದು ಅವರ ಹೆಡ್‌ಫೋನಿಗೆ. ಅವರು ಅದನ್ನು ಒಂದು ಕಿವಿಗೆ ಮಾತ್ರ ಇಟ್ಟುಕೊಂಡು, ನೋಟ್‌ಬುಕ್ಕು ಬಿಚ್ಚಿ, ಬೆರಳನ್ನು ಸಾಲಿನ ಮೇಲಿಟ್ಟರು. ಮೊದಲ ದೃಶ್ಯ. ರಾಜಕುಮಾರಿ ಕಿಟಕಿಯಲ್ಲಿ ನಿಂತು ಕಣ್ಣೀರಿಡಬೇಕು ಎಂದು ಪುಸ್ತಕ. ಪರದೆಯ ಮೇಲೆ ಅವಳು ರಾಕ್ಷಸನಿಗೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದಾಳೆ. ಮಾಸ್ತರ ಬೆರಳು ನಿಂತಿತು. ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ಪರದೆ.

“ಅಳಬೇಕವ್ವ ನೀನು,” ಎಂದರು, ಬಹಳ ಸಮಾಧಾನದಿಂದ. “ಉಪ್ಪು ಕಮ್ಮಿ ಆಗಿದ್ರೆ ಕಣ್ಣೀರಾದ್ರೂ ಹಾಕು, ಸರಿಹೋಗ್ತೈತೆ.” ಮತ್ತೆ ದನಿ ನಮ್ಮ ಕಡೆ, ಅಂದರೆ ನೋಡುವವರ ಕಡೆ ತಿರುಗಿತು: “ನೀವು ನಗಬ್ಯಾಡ್ರಿ. ನೀವು ನಕ್ಕಿದ್ದಕ್ಕೇ ಇವ್ರು ಹಿಂಗಾಗಿರೋದು.”

ಯಜಮಾನರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು.

ಹತ್ತು ನಿಮಿಷದ ಭಾಗ ಮುಗಿಸಿ ಮರಳಿ ಕೇಳಿದಾಗ ಮಾತಿನ ಹಿಂದೆ ದಬ್, ದಬ್ ಎಂಬ ಸದ್ದು. ಗಿರಣಿ ನಿಂತಿತ್ತು. ಮೈಕು ಬದಲಿಸಿದೆವು, ತಂತಿ ಬದಲಿಸಿದೆವು, ಮೇಜು ಸರಿಸಿದೆವು. ಒಂದು ಗಂಟೆ ಹೋಯಿತು. ಕೊನೆಗೆ ಯಜಮಾನರು ಬಗ್ಗಿ ಮೇಜಿನಡಿ ನೋಡಿದರು. ಮಾಸ್ತರ ಬಲಗಾಲು ತಾಳ ಹಾಕುತ್ತಿತ್ತು.

“ಕಾಲು ನಿಲ್ಸಾಕಾಗುತ್ತಾ ಮಾಸ್ತರ್ರೇ?”

“ಕಾಲು ನಿಂತ್ರೆ ಬಾಯೀನೂ ನಿಲ್ತೈತಪ್ಪ.”

ಕೆಳಗಿನ ಗಿರಣಿಯಿಂದ ಖಾಲಿ ಗೋಣಿಚೀಲ ತಂದು ಎಂಟು ಪದರ ಮಡಿಸಿ ಕಾಲಡಿ ಹಾಸಿದೆವು. ಸದ್ದು ಹೋಯಿತು. ಆಮೇಲೆ ಅದೇ ಕಾಲು ನಮಗೆ ಉಪಕಾರಕ್ಕೆ ಬಂತು. ನಿರೂಪಕನ ತುಟಿ ಕಾಣದಿರುವುದರಿಂದ ಮಾತು ಎಲ್ಲಿ ಬೇಕಾದರೂ ಶುರುವಾಗಬಹುದು, ಆದರೆ ಪಾತ್ರ ಬಾಯಿ ತೆರೆಯುವ ಮೊದಲು ಮುಗಿಯಲೇಬೇಕು. ಇಷ್ಟು ಸೆಕೆಂಡು ಎಂದರೆ ಮಾಸ್ತರಿಗೆ ತಿಳಿಯುತ್ತಿರಲಿಲ್ಲ. ಆರು ತಾಳ ಎಂದರೆ ಆರನೆಯದಕ್ಕೆ ಸರಿಯಾಗಿ ಮುಗಿಸುತ್ತಿದ್ದರು.

ತಡವರಿಸಿದ್ದು ಒಂದೇ ಕಡೆ. ಅವರು ಬೈಯುತ್ತಿದ್ದಾಗ ರಾಜಕುಮಾರಿ ಪರದೆಯಿಂದ ನೇರವಾಗಿ ತಿರುಗಿ, “ನಿಮ್ಮನ್ನ ಯಾರು ಕೇಳಿದ್ರು?” ಎನ್ನುತ್ತಾಳೆ. ಮಾಸ್ತರು ಹೆಡ್‌ಫೋನ್ ತೆಗೆದರು.

“ಇದು ನನಗೆ ಅಂದಿದ್ದಾ?”

“ಹೌದು ಮಾಸ್ತರೇ.”

ನಲವತ್ತು ವರ್ಷದಲ್ಲಿ ರಂಗದ ಮೇಲಿಂದ ಯಾರೂ ಅವರಿಗೆ ತಿರುಗಿ ಮಾತಾಡಿರಲಿಲ್ಲ. “ದನಿ ಯಾರ್ದು?”

“ಶಾಮನೂರಿನ ಅಂಗನವಾಡಿ ಟೀಚರ್ದು.”

“ಅದಕ್ಕೇ,” ಎಂದರು. “ದಿನಾ ಮೂವತ್ತು ಮಕ್ಳನ್ನ ಕುಂದ್ರಿಸೋ ದನಿ. ನಾನ್ಯಾವ ಲೆಕ್ಕ.” ಮತ್ತೆ ಹೆಡ್‌ಫೋನ್ ಹಾಕಿಕೊಂಡರು. ಮುಂದಿನ ಟೇಕಿನಲ್ಲಿ ಅವಳು ಹಾಗೆಂದ ಮೇಲೆ ಎರಡು ತಾಳ ಮೌನ ಬಿಟ್ಟು, ನೋಡುವವರಿಗೆ ಮಾತ್ರ ಕೇಳುವಂತೆ, “ಪುಸ್ತಕದಾಗೆ ಇವ್ಳಿಗೆ ಮಾತೇ ಕಮ್ಮಿ ಐತ್ರಿ, ದೇವ್ರಾಣೆ,” ಎಂದರು.

ಮಂಗಳವಾರ ಎರಡನೆಯ ಕಂತು. ಇಲ್ಲಿ ಸಿಕ್ಕಿಬಿದ್ದೆವು. ರಾಜಕುಮಾರ ಕಾಡಿನಲ್ಲಿ ಅಲೆಯುತ್ತಾನೆ, ಅದೇ ಮರ, ಅದೇ ಬಂಡೆ ಮೂರು ಸಲ ಬರುತ್ತವೆ. ಮೂಲದಲ್ಲಿ ನಿರೂಪಕ ಚಿತ್ರ ಬರೆದವರನ್ನು ಹಿಡಿದು ಝಾಡಿಸುತ್ತಾನೆ: ಒಂದೇ ಕಾಡು ಬರೆದು ಮೂರು ಸಲ ತೋರಿಸುವ ಸೋಮಾರಿಗಳು ಎಂದು. ಇಡೀ ಕಂತಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬರಬೇಕಾದ ಜಾಗ ಅದು. ನಾನು ವಿವರಿಸಿದೆ. ಮಾಸ್ತರು ತಲೆಯಾಡಿಸಿದರು, ಆಗುವುದಿಲ್ಲ ಎಂಬಂತೆ.

“ಪರದಿಯವನ್ನ ಬೈಯಂಗಿಲ್ರೀ.”

“ಇದು ತಮಾಷೆಗೆ ಮಾಸ್ತರೇ.”

“ತಮಾಷಿಗೂ ಇಲ್ಲ. ಪಾತ್ರದೋರು ನನ್ ಕೈಯಾಗೆ ಕಲ್ತೋರು, ಅವ್ರನ್ನ ಬೈಬೋದು. ನೋಡೋರು ನಮ್ಮೂರೋರು, ಅವ್ರನ್ನೂ ಅನ್ಬೋದು. ಕಾಡು, ಅರಮನಿ ಬರ್ದ ಪರದಿ ಕಟ್ಟೋನು ಪರಊರಿಂದ ಗಾಡಿ ಮ್ಯಾಲೆ ಹೇರ್ಕಂಡ್ ಬಂದು, ಯಾರ ಕಣ್ಣಿಗೂ ಬೀಳ್ದಂಗೆ ಹಿಂದೆ ನಿಂತಿರ್ತಾನೆ. ನಾವು ಎಷ್ಟು ಹೇಳಿದ್ವೋ ಅಷ್ಟು ಪರದಿ ತಂದಿರ್ತಾನೆ. ತಿರುಗಿ ಮಾತಾಡಾಕೆ ಅವ್ನಿಗೆ ಮೈಕಿಲ್ಲ.”

ವಾದ ಮಾಡಿದೆ. ಡೈರಿಯಲ್ಲಿ ಅರ್ಧ ಗಂಟೆ ಎಂದಿದೆ. ಜಪಾನಿನವರಿಗೆ ಇದು ಕೇಳುವುದೇ ಇಲ್ಲ ಎಂದೆ, ಅವರೇ ತಮ್ಮನ್ನು ಹೀಗೆ ಬೈಸಿಕೊಂಡಿದ್ದಾರೆ ಎಂದೆ. ಮಾಸ್ತರು ಮರ್ಯಾದೆಯಿಂದ ಕೇಳಿಸಿಕೊಂಡರು. ಗಂಟೆ ಎರಡೂವರೆಯಾಯಿತು. ಗುರುವಾರ ಕಳಿಸಬೇಕು, ಬುಧವಾರ ಹೊಂದಿಸಲು ಬೇಕು. ಮೇಷ್ಟ್ರಿಂದ ಅದೊಂದು ಸಾಲು ಹೇಳಿಸಿ ಸೇರಿಸಿಬಿಡೋಣವೇ ಎಂದು ಒಂದು ಗಳಿಗೆ ನನಗೂ ಅನ್ನಿಸಿತು.

ಕೊನೆಗೆ, “ಹಾಗಾದರೆ ಇದು ಯಾರ ತಪ್ಪು ಮಾಸ್ತರೇ?” ಎಂದು ಕೇಳಿದೆ. ಸೋತು ಕೇಳಿದ್ದೋ, ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದೋ, ಡೈರಿ ಹೇಳುವುದಿಲ್ಲ.

“ಮಾಸ್ತರಂದು,” ಎಂದರು ತಡಮಾಡದೆ. “ಚಿತ್ರ ಹಚ್ರಿ.”

ಮೊದಲ ಸಲ ಕಾಡು ಬಂದಾಗ ಸುಮ್ಮನಿದ್ದರು. ಎರಡನೆಯ ಸಲ ಬಂದಾಗ ಗಂಟಲು ಸರಿಮಾಡಿಕೊಂಡರು. ಮೂರನೆಯ ಸಲ ಅದೇ ಬಂಡೆ ಕಂಡಾಗ, ನೋಡುವವರಿಗೆ ಬಹಳ ಹತ್ತಿರ ಬಂದವರಂತೆ ದನಿ ತಗ್ಗಿಸಿದರು:

“ನನ್ನ ನೋಡಬ್ಯಾಡ್ರಿ. ಒಂದು ಕಾಡು ಸಾಕು ಅಂದೋನು ನಾನೇ. ಈ ಹುಡ್ಗ ಇಷ್ಟು ಹೊತ್ತು ಅಡ್ಡಾಡ್ತಾನೆ ಅಂತ ಯಾರಿಗೆ ಗೊತ್ತಿತ್ತು? ಬಂಡೆಗಲ್ಲಿಗೆ ನಮಸ್ಕಾರ ಮಾಡಪ್ಪ, ಪರಿಚಯ ಆತಲ್ಲ.”

ವಾದಕ್ಕೆಂದು ಗಾಜಿನ ಆಚೆ ಹೋದವಳು ಅಲ್ಲೇ ನಿಂತಿದ್ದೆ, ಈ ಸಲ ನಾನೂ ನಕ್ಕೆ. ಅದು ಟೇಕಿನಲ್ಲಿ ಸೇರಿತು. ಇನ್ನೆರಡು ಸಲ ಮಾಡಿಸಿದೆವು, ಮೂರನೆಯದನ್ನು ಇಟ್ಟುಕೊಂಡೆವು.

ಬುಧವಾರ ಯಜಮಾನರು ಕತ್ತರಿಸಿ ಹೊಂದಿಸಿದರು. ನಾನು ಮಾಸ್ತರ ಒಂದೊಂದು ಮಾತನ್ನೂ ಕೇಳಿ ಬರೆದುಕೊಂಡು, ಎದುರಿಗೆ ಇಂಗ್ಲಿಷಿನಲ್ಲಿ ಅರ್ಥ ಹಾಕಿದೆ. ಗುರುವಾರ ಕಳಿಸಿದೆವು. ಜೊತೆಗಿಟ್ಟ ಪತ್ರದಲ್ಲಿ ಮುಚ್ಚಿಡಲಿಲ್ಲ: ಒಪ್ಪಿಗೆಯಾದ ಬರಹವನ್ನು ಬಳಸಿಲ್ಲ, ಈ ಬರಹ ಮುದ್ರಣದ ನಂತರದ್ದು, ಕಾಡಿನ ದೃಶ್ಯದಲ್ಲಿ ಬೈಗುಳ ಮೂಲದಲ್ಲಿದ್ದಂತೆ ಚಿತ್ರ ಬರೆದವರಿಗೆ ತಾಗುವುದಿಲ್ಲ, ಇದೆಲ್ಲದರ ನಿರ್ಧಾರ ನನ್ನದು. ಕೊನೆಯ ವಾಕ್ಯ ಪೂರ್ತಿ ನಿಜವಲ್ಲ ಎಂದು ಆಗಲೂ ಗೊತ್ತಿತ್ತು. ತಪ್ಪು ಬಿದ್ದರೆ ನನ್ನೊಬ್ಬಳ ಮೇಲೆ ಬೀಳಲಿ ಎಂದು ಹಾಗೆ ಬರೆದೆ.

ಶನಿವಾರ ಕಂಪನಿಯ ಮೇಲ್ವಿಚಾರಕಿ ಫೋನು ಮಾಡಿದರು. ಮುಂಬೈಯಲ್ಲಿ ಬೆಳೆದ ಕನ್ನಡದವರು, ಅಳೆದು ಮಾತಾಡುವವರು.

“ನೀವು ಕಳಿಸಿದ ಸ್ಕ್ರಿಪ್ಟು, ಆಡಿದ ಮೇಲೆ ಬರೆದದ್ದು.”

“ಹೌದು.”

“ಹಾಗೆ ಮಾಡುವ ಕ್ರಮ ಇಲ್ಲ.”

“ಗೊತ್ತು.”

“ಕಾಡಿನ ದೃಶ್ಯದಲ್ಲಿ ಅವನು ತನ್ನನ್ನೇ ಬೈದುಕೊಳ್ತಾನೆ. ಮೂಲದಲ್ಲಿ ಹಾಗಿಲ್ಲ.”

ನಾನು ಮಾಸ್ತರ ಕಾರಣವನ್ನು ಹೇಳಿದೆ. ಆ ಕಡೆ ಹಾಳೆ ಮಗುಚುವ ಸದ್ದು ಕೇಳಿತು.

“ಇಲ್ಲಿ ನಾಲ್ಕು ಜನ ಕೂತು ಕೇಳಿದೆವು,” ಎಂದರು ಆಮೇಲೆ. “ಕನ್ನಡ ಬರೋದು ನನಗೊಬ್ಬಳಿಗೇ. ಉಳಿದ ಮೂರು ಜನಾನೂ ಅಲ್ಲೇ ನಕ್ಕರು. ಎರಡು ಕಂತೂ ಒಪ್ಪಿಗೆ. ಮೂರನೆಯದರಿಂದ ಮಾತ್ರ ಮೊದಲು ಬರಹ, ಆಮೇಲೆ ಮುದ್ರಣ.”

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. “ಆಗಲ್ಲ,” ಎಂದೆ. “ಬರೆದು ಕೊಟ್ಟರೆ ಅವರಿಗೆ ಬರಲ್ಲ. ಮೊದಲು ಕಳಿಸಬಹುದಾದ್ದು ನನ್ನ ಹತ್ತಿರ ಒಂದೇ ಇದೆ, ಕಥೆ ನಿಜಕ್ಕೂ ಹೇಗಿರಬೇಕಿತ್ತು ಅನ್ನೋ ಪುಸ್ತಕ. ಬೇಕಾದರೆ ಅದನ್ನು ಕಳಿಸ್ತೀನಿ.”

“ಅದರಲ್ಲಿ ತಮಾಷೆ ಇರುತ್ತಾ?”

“ಒಂದೂ ಇರಲ್ಲ.”

ಅವರು ಆ ಕಡೆ ಯಾರೊಂದಿಗೋ ಹಿಂದಿಯಲ್ಲಿ ಮಾತಾಡಿದರು. ಮರಳಿ ಬಂದು, ಒಂದು ಕಂತು ಹಾಗೇ ಮಾಡಿ ನೋಡೋಣ, ಪುಸ್ತಕವನ್ನು ಸೋಮವಾರ ಬೆಳಿಗ್ಗೆ ಕಳಿಸಿ ಎಂದರು.

ಯಜಮಾನರಿಗೆ ಹೇಳಿದೆ. ಗೋಣಿಚೀಲ ವಾಪಸ್ ಕೊಟ್ಟುಬಿಟ್ಟಿದ್ದೇನೆ, ಮತ್ತೆ ಕೇಳಬೇಕು ಎಂದರು. ಹರಿಹರಕ್ಕೆ ಫೋನು ಮಾಡಿದೆ. ಮಾಸ್ತರಿಗೆ ಒಪ್ಪಿಗೆಯ ವಿಷಯ ಅಂ‍ಥ ದೊಡ್ಡದಾಗಿ ಕಾಣಲಿಲ್ಲ.

“ಆ ಹುಡ್ಗಿ ಮುಂದಿನ ಸಲಾನೂ ಅದಾಳಾ?”

“ಇದ್ದಾಳೆ ಮಾಸ್ತರೇ. ಹದಿಮೂರು ಕಂತಿನಲ್ಲೂ.”

“ಹಂಗಾರೆ ಪುಸ್ತಕ ಚಂದಾಗಿ ಬರೀರಿ. ಅವ್ಳ ಮಾತು ಇನ್ನೊಂದಿಷ್ಟು ಚಲೋ ಇರ್ಬೇಕಿತ್ತು. ಹೋದ್ಸಲದ್ದು ಸ್ವಲ್ಪ ಒಣಾ ಅನ್ಸ್ತು. ಅಂಥಾ ಮಾತು ಬಿಟ್ಟು ಹಿಂಗಂತಾಳಲ್ಲ ಅಂತ ನನ್ನ ಹೊಟ್ಟಿ ಉರೀಬೇಕು.”

ಭಾನುವಾರ ಬೆಳಿಗ್ಗೆ ಹೊಸ ನೋಟ್‌ಬುಕ್ಕು ತೆಗೆದು ಕೂತೆ. ಮೂರನೆಯ ಕಂತಿನ ಚಿತ್ರವನ್ನು ಆಗಲೇ ಎರಡು ಸಲ ನೋಡಿದ್ದೆ. ರಾಜಕುಮಾರ ಕೊನೆಗೂ ಕೋಟೆ ತಲುಪುತ್ತಾನೆ, ಅವಳು ಬಾಗಿಲು ತೆರೆದು, ಚಪ್ಪಲಿ ಹೊರಗೆ ಬಿಟ್ಟು ಬಾ ಎನ್ನುತ್ತಾಳೆ. ಅದನ್ನು ಮನಸ್ಸಿನಿಂದ ಸರಿಸಿದೆ. ಎಡಗಡೆ ರಾಜಕುಮಾರಿ ಎಂದು ಬರೆದೆ. ಬಲಗಡೆ, ಇಷ್ಟು ವರ್ಷ ದಾರಿ ಕಾದ ಒಬ್ಬಳು ಬಾಗಿಲಲ್ಲಿ ನಿಂತವನಿಗೆ ಏನು ಹೇಳಬಹುದೋ ಅದನ್ನು ಮೂರು ಸಲ ಹೊಡೆದು ನಾಲ್ಕನೆಯ ಸಲಕ್ಕೆ ಬರೆದೆ. ಓದಿ ನೋಡಿದೆ. ಒಳ್ಳೆಯ ಮಾತು. ಅವಳು ಅದನ್ನು ಆಡುವುದಿಲ್ಲ.